ಕತ್ತಿಗೆ ಸಾಣೆ, ಬುದ್ಧಿಗೂ ಸಾಣೆ



ಇವತ್ತು ಒಂದು ಮಾತಿನ ಬೆನ್ನು ಹತ್ತಿ ಹೋಗೋಣ. ಮಾತು ಚಿಕ್ಕದು. ಅದು ನಮ್ಮ ಅಡುಗೆಮನೆಯಲ್ಲಿದೆ. ಹೊಲದಲ್ಲಿದೆ. ಕುಲುಮೆಯಲ್ಲಿದೆ. ಮಕ್ಕಳ ಶಾಲೆಯ ಚೀಲದಲ್ಲೂ ಇದೆ.

ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಕಡೆ ಒಂದು ಲೈನ್ ಮನೆ. ಅಲ್ಲಿ ಸಂಜೆ ನಾವು ಹತ್ತು ಹನ್ನೆರಡು ಹೆಂಗಸರು ಓದಲು ಸೇರುತ್ತೇವೆ. ಒಂದು ದಿನ ಒಬ್ಬ ಅಕ್ಕ ಮುಖ ಚಿಕ್ಕದು ಮಾಡಿಕೊಂಡು ಬಂದಳು.

"ಏನಕ್ಕ, ಏನಾಯ್ತು?" ಅಂತ ಕೇಳಿದೆವು.

"ನನ್ನ ಮಗಳು ಇಂಗ್ಲಿಷ್ ಪಾಠ ಬರೀತಾ ಇದ್ದಳು. 'ಶಾರ್ಪನ್ ಅಂದರೆ ಏನಮ್ಮ? ಅದೇ ಅರ್ಥದ ಮಾತು ಇನ್ನೂ ಮೂರು ಬರೀಬೇಕು' ಅಂದಳು. ನನಗೆ ಗೊತ್ತಿಲ್ಲ ಅಂದೆ. 'ನಿನಗೆ ಏನೂ ಗೊತ್ತಿಲ್ಲ ಬಿಡು' ಅಂದುಬಿಟ್ಟಳು."

ನಮಗೆಲ್ಲ ಮನಸ್ಸಿಗೆ ಚುಚ್ಚಿತು. ಮಗು ಬೇಕೂಂತ ಅಂದಿದ್ದಲ್ಲ. ಆದರೂ ಆ ಮಾತು ಹರಿತವಾಗಿತ್ತು.

ಅದೇ ಹೊತ್ತಿಗೆ ಹೊರಗೆ ಸೈಕಲ್ ಗಂಟೆ ಕೇಳಿಸಿತು. "ಕತ್ತಿ ಸಾಣೆ, ಕತ್ತರಿ ಸಾಣೆ, ಈಳಿಗೆ ಮಣೆ ಸಾಣೆ!" ಸಾಣೆ ಹಿಡಿಯುವ ಅಣ್ಣ ಬಂದಿದ್ದ. ನಾವು ನಕ್ಕುಬಿಟ್ಟೆವು. ಮಗುವಿನ ಪ್ರಶ್ನೆಗೆ ಉತ್ತರ ಬಾಗಿಲಿಗೇ ಬಂದಿತ್ತು.

ಶಾರ್ಪನ್ ಅಂದರೆ ಹರಿತ ಮಾಡು. ಚೂಪು ಮಾಡು. ಸಾಣೆ ಹಿಡಿ. ಮಸೆ. ನೋಡಿ, ಒಂದು ಕೇಳಿದರೆ ನಮ್ಮ ಹತ್ತಿರ ನಾಲ್ಕು ಇವೆ. ಇನ್ನೂ ಇವೆ. ಒಂದೊಂದಾಗಿ ನೋಡೋಣ.

ಮಸೆ

ಕಲ್ಲಿನ ಮೇಲೆ ಅಲಗನ್ನು ಉಜ್ಜುವುದೇ ಮಸೆಯುವುದು. ಅಲಗು ಅಂದರೆ ಕತ್ತಿಯ ಕತ್ತರಿಸುವ ಅಂಚು. ಹೊಲಕ್ಕೆ ಹೋಗುವ ಮುಂಚೆ ಕುಡುಗೋಲನ್ನು ಕಲ್ಲಿನ ಮೇಲೆ ಮಸೆಯುತ್ತೇವೆ. ರಾಗಿ ಕೊಯ್ಲಿನ ಕಾಲದಲ್ಲಿ ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಈ ಸದ್ದು ಎಲ್ಲರಿಗೂ ಗೊತ್ತು.

ಈ ಮಾತಿಗೆ ಇನ್ನೊಂದು ಮುಖವೂ ಇದೆ. "ಅವನು ನನ್ನ ಮೇಲೆ ಕತ್ತಿ ಮಸೀತಾನೆ" ಅಂದರೆ ದ್ವೇಷ ಸಾಧಿಸುತ್ತಾನೆ ಅಂತ ಅರ್ಥ. "ಹಲ್ಲು ಮಸೆದಳು" ಅಂದರೆ ಸಿಟ್ಟಿನಿಂದ ಹಲ್ಲು ಕಡಿದಳು ಅಂತ ಅರ್ಥ. ಅಲ್ಲಿ ಕತ್ತಿಯೂ ಇಲ್ಲ, ಕಲ್ಲೂ ಇಲ್ಲ. ಮಾತು ಮಾತ್ರ ಇದೆ.

ಸಾಣೆ ಹಿಡಿ

ಸಾಣೆ ಅನ್ನುವುದು ಒಂದು ಕಲ್ಲಿನ ಹೆಸರು. ಸಂಸ್ಕೃತದ ಶಾಣ ಎಂಬ ಮಾತು ನಮ್ಮ ಬಾಯಲ್ಲಿ ಸಾಣೆ ಆಯಿತು. ದೇವರಿಗೆ ಗಂಧ ತೇಯುವ ಕಲ್ಲನ್ನೂ ಸಾಣೆಕಲ್ಲು ಅಂತೀವಿ. ಒಂದು ಕಲ್ಲು ಗಂಧದ ಪರಿಮಳ ಬಿಡಿಸುತ್ತೆ. ಇನ್ನೊಂದು ಕಲ್ಲು ಕಬ್ಬಿಣದ ಮೊಂಡುತನ ಬಿಡಿಸುತ್ತೆ.

ನಮ್ಮ ಊರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕಲೆತಿವೆ. ಅವತ್ತು ಸಾಣೆಯ ಅಣ್ಣನ ಸುತ್ತ ನಿಂತು ನಾವೇ ಲೆಕ್ಕ ಹಾಕಿದೆವು. ಕನ್ನಡದಲ್ಲಿ ಸಾಣೆ ಹಿಡಿ. ತಮಿಳಿನಲ್ಲಿ ಸಾಣೈ ಪಿಡಿ. ತೆಲುಗಿನಲ್ಲಿ ಸಾನ ಪಟ್ಟು. ಹಿಡಿ, ಪಿಡಿ, ಪಟ್ಟು. ಮೂರಕ್ಕೂ ಒಂದೇ ಅರ್ಥ. ಉರ್ದು ಆಡುವ ಅಕ್ಕ "ನಾವು ಧಾರ್ ಲಗಾನಾ ಅಂತೀವಿ" ಅಂದಳು. ಧಾರ್ ಅಂದರೆ ಅಲಗಿನ ಹರಿತ. ಮಾತು ಬೇರೆ, ಕೆಲಸ ಒಂದೇ.

ಹರಿತ ಮತ್ತು ಚೂಪು

ಇವೆರಡೂ ಒಂದೇ ಅಂತ ಅನ್ನಿಸುತ್ತೆ. ಆದರೆ ಸ್ವಲ್ಪ ವ್ಯತ್ಯಾಸ ಇದೆ.

ಹರಿತ ಇರುವುದು ಅಂಚಿನಲ್ಲಿ. ಕತ್ತಿ ಹರಿತ, ಮಚ್ಚು ಹರಿತ, ಕತ್ತರಿ ಹರಿತ. ಹರಿ ಅಂದರೆ ಸೀಳು, ತುಂಡು ಮಾಡು. ಹರಿಯುವಂಥದ್ದು ಹರಿತ.

ಚೂಪು ಇರುವುದು ತುದಿಯಲ್ಲಿ. ಸೂಜಿ ಚೂಪು, ಮುಳ್ಳು ಚೂಪು, ಪೆನ್ಸಿಲ್ ಚೂಪು. ಇದನ್ನೇ ಮೊನಚು ಅಂತಲೂ ಅಂತೀವಿ. ತುದಿಗೆ ಮೊನೆ ಅಂತ ಹೆಸರು.

ಪೆನ್ಸಿಲ್ ಚೂಪು ಮಾಡುವ ಸಾಮಾನಿಗೆ ಇಂಗ್ಲಿಷಿನಲ್ಲಿ ಶಾರ್ಪನರ್ ಅಂತಾರೆ. ನಮ್ಮ ಮಕ್ಕಳು ಅಂಗಡಿಯಲ್ಲಿ ಮೆಂಡರ್ ಅಂತ ಕೇಳುತ್ತಾರೆ. ನಾವು ಹಿಂದೆ ಬ್ಲೇಡಿನಲ್ಲಿ ಹೆರೆಯುತ್ತಿದ್ದೆವು. ಹೆರೆ ಅನ್ನುವುದೂ ಇದೇ ಮನೆತನದ ಮಾತು.

ಕಕ್ಕು ಹಾಕು

ರಾಗಿ ಬೀಸುವ ಕಲ್ಲು ದಿನವೂ ತಿರುಗಿ ತಿರುಗಿ ನುಣುಪಾಗುತ್ತಿತ್ತು. ನುಣುಪಾದ ಕಲ್ಲು ಕಾಳನ್ನು ಹಿಡಿಯುವುದಿಲ್ಲ. ಆಗ ಕಲ್ಲು ಕುಟ್ಟುವವರು ಬಂದು ಉಳಿಯಿಂದ ಸಣ್ಣ ಸಣ್ಣ ಕಚ್ಚು ಮಾಡುತ್ತಿದ್ದರು. ಅದು ಕಕ್ಕು ಹಾಕುವುದು. ಇಲ್ಲಿ ನುಣುಪು ಹೋಗಿ ಒರಟು ಬರಬೇಕು. ಕತ್ತಿಗೆ ಒಂದು ಬಗೆ, ಕಲ್ಲಿಗೆ ಇನ್ನೊಂದು ಬಗೆ. ಈಗ ಹಿಟ್ಟಿನ ಮಿಲ್ ಬಂದಿದೆ. ಆದರೂ ನಮ್ಮ ಅಜ್ಜಿಯರ ಬಾಯಲ್ಲಿ ಈ ಮಾತು ಉಳಿದಿದೆ.

ಹದ ಕೊಡು

ಗುದ್ದಲಿ, ಹಾರೆ ತೀರ ಸವೆದರೆ ಸಾಣೆ ಸಾಲದು. ಕುಲುಮೆಗೆ ಒಯ್ಯಬೇಕು. ಅಲ್ಲಿ ಕೆಂಪಗೆ ಕಾಯಿಸುತ್ತಾರೆ. ಬಡಿದು ತೆಳ್ಳಗೆ ಮಾಡುತ್ತಾರೆ. ಆಮೇಲೆ ನೀರಿನಲ್ಲಿ ಅದ್ದಿ ಹದ ಕೊಡುತ್ತಾರೆ. ಹದ ತಪ್ಪಿದರೆ ಎರಡು ತೊಂದರೆ. ಬಲು ಗಡುಸಾದರೆ ಅಲಗು ಮುರಿಯುತ್ತೆ. ಬಲು ಮೆತ್ತಗಾದರೆ ಮಡಿಚಿಕೊಳ್ಳುತ್ತೆ. ಅಡುಗೆಗೂ ಹದ ಬೇಕು, ಮಾತಿಗೂ ಹದ ಬೇಕು ಅಂತ ನಾವು ಅನ್ನುವುದು ಇದಕ್ಕೇ.

ಮೊಂಡು

ಇದು ಎದುರು ಮಾತು. ಹರಿತ ಹೋದರೆ ಕತ್ತಿ ಮೊಂಡು. ಮಾತು ಕೇಳದ ಮಗುವೂ ಮೊಂಡು. ಮಗುವನ್ನು ಬಡಿದರೆ ಮೊಂಡುತನ ಹೋಗುವುದಿಲ್ಲ, ಹೆಚ್ಚುತ್ತೆ. ಕತ್ತಿಗಾದರೂ ಬಡಿಯುವ ಮುಂಚೆ ಬಿಸಿ ಬೇಕು. ಮಗುವಿಗೆ ಬೇಕಾದದ್ದು ಪ್ರೀತಿಯ ಬಿಸಿ.

ಇಂಗ್ಲಿಷಿನ ಮನೆಯಲ್ಲಿ

ಈಗ ಮಗುವಿನ ಪ್ರಶ್ನೆಗೆ ಬರೋಣ. ಶಾರ್ಪನ್‌ಗೆ ಇಂಗ್ಲಿಷಿನಲ್ಲೂ ಒಡಹುಟ್ಟಿದ ಮಾತುಗಳಿವೆ. ಮೂರು ಕಲಿಯೋಣ.

ಗ್ರೈಂಡ್: ಚಕ್ರದ ಮೇಲೆ ಹಿಡಿದು ಸವೆಸುವುದು. ಸಾಣೆಯ ಅಣ್ಣ ಮಾಡುವುದು ಇದೇ. ಹಿಟ್ಟು ಬೀಸುವುದಕ್ಕೂ ಇದೇ ಮಾತು. ಅದಕ್ಕೇ ಅಡುಗೆಮನೆಯ ಯಂತ್ರಕ್ಕೆ ಗ್ರೈಂಡರ್ ಅಂತ ಹೆಸರು.

ವೆಟ್: ಕಲ್ಲಿನ ಮೇಲೆ ಉಜ್ಜುವುದು. ಅಂದರೆ ನಮ್ಮ ಮಸೆ. ಇಂಗ್ಲಿಷಿನವರು ಹಸಿವಿಗೂ ಇದೇ ಮಾತು ಹೇಳುತ್ತಾರೆ. ನಾವು ಹಸಿವಿಗೆ ಸಾಣೆ ಹಿಡಿಯುವುದಿಲ್ಲ. ಒಗ್ಗರಣೆ ವಾಸನೆಗೆ ಹಸಿವು ಕೆರಳಿತು ಅಂತೀವಿ.

ಹೋನ್: ಕೊನೆಗೆ ನಯವಾದ ಕಲ್ಲಿನ ಮೇಲೆ ಹದವಾಗಿ ತೀಡುವುದು. ಕ್ಷೌರದ ಕತ್ತಿಗೆ ಹೀಗೆ ಮಾಡುತ್ತಾರೆ. ಹೋನ್ ಎಂಬುದು ಮೊದಲು ಕಲ್ಲಿನ ಹೆಸರೇ. ಆಮೇಲೆ ಅದು ಕೆಲಸದ ಹೆಸರಾಯಿತು. ನಮ್ಮ ಸಾಣೆಯ ಕಥೆಯೂ ಹಾಗೇ ಅಲ್ಲವೇ? ಕಲಿತ ಕೆಲಸವನ್ನು ದಿನವೂ ಮಾಡಿ ಕೈ ಪಳಗಿಸುವುದಕ್ಕೂ ಹೋನ್ ಅಂತಾರೆ.

ಮೂರೇ ಮಾತು. ನಿಧಾನವಾಗಿ ಹೇಳಿ. ಗ್ರೈಂಡ್, ವೆಟ್, ಹೋನ್.

ಗಣಿಯೊಳಗಿನ ಮೊನೆ

ಕೆ.ಜಿ.ಎಫ್. ಅಂದರೆ ಚಿನ್ನದ ಗಣಿ. 1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ದೊಡ್ಡದಾಗಿ ಗಣಿ ಕೆಲಸ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಇಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನೊಳಗೆ. ಬೆಣಚುಕಲ್ಲು ಬಲು ಗಟ್ಟಿ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಬೇಕಾಗಿತ್ತು. ತೂತು ಕೊರೆಯುವ ಉಕ್ಕಿನ ಸಲಾಕೆ ಬೇಗ ಮೊಂಡಾಗುತ್ತಿತ್ತು. ಮೊಂಡಾದದ್ದನ್ನು ಮತ್ತೆ ಕಾಯಿಸಿ, ಬಡಿದು, ಮೊನೆ ಮಾಡಬೇಕು. ಚಿನ್ನ ತೆಗೆದವರ ಹಿಂದೆ ಹೀಗೆ ಮೊನೆ ಮಾಡಿಕೊಟ್ಟವರ ಕೈಯೂ ಇತ್ತು.

ಆ ಕಲ್ಲಿನ ದೂಳು ಕೆಟ್ಟದ್ದು. ಅದು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶವನ್ನು ಹಾಳು ಮಾಡುತ್ತೆ. ಆ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರು. ನಮ್ಮಲ್ಲಿ ಕೆಲವರ ಮನೆಯ ಹಿರಿಯರು ಕೆಮ್ಮಿ ಕೆಮ್ಮಿ ಸೊರಗಿದ್ದನ್ನು ನಾವು ಕಂಡಿದ್ದೇವೆ. ಕಲ್ಲಿಗೆ ನೀರು ಹಾಕಿದರೆ ದೂಳು ಏಳುವುದು ಕಡಿಮೆ. ಮನೆಯಲ್ಲಿ ಕತ್ತಿ ಮಸೆಯುವಾಗಲೂ ಕಲ್ಲು ನೆನೆದಿರಲಿ.

ಒರೆಗಲ್ಲು

ಚಿನ್ನಕ್ಕೂ ಒಂದು ಕಲ್ಲಿದೆ. ಅದು ಒರೆಗಲ್ಲು. ಕಪ್ಪು ಕಲ್ಲು. ಅಕ್ಕಸಾಲಿಗರು ಚಿನ್ನವನ್ನು ಅದರ ಮೇಲೆ ಉಜ್ಜುತ್ತಾರೆ. ಬಿದ್ದ ಗೆರೆಯ ಬಣ್ಣ ನೋಡಿ ಚಿನ್ನ ಎಷ್ಟು ಶುದ್ಧ ಅಂತ ತಿಳಿಯುತ್ತಾರೆ. ಸಾಣೆಕಲ್ಲು ಹರಿತ ಮಾಡುತ್ತೆ. ಒರೆಗಲ್ಲು ಪರೀಕ್ಷೆ ಮಾಡುತ್ತೆ. ಯಾರಾದರೂ ಹೇಳಿದ ಮಾತನ್ನು ಒರೆಗೆ ಹಚ್ಚಿ ನೋಡು ಅನ್ನುವುದು ಇಲ್ಲಿಂದಲೇ ಬಂತು.

ಈಗ ನಮ್ಮ ಕಣ್ಣೇ ಸ್ವಲ್ಪ ಒರೆಗಲ್ಲು ಆಗಬಹುದು. ಹಾಲ್‌ಮಾರ್ಕ್ ಇರುವ ಒಡವೆಯ ಮೇಲೆ ಅಂಕಿ ಇರುತ್ತೆ. 916 ಅಂತ ಇದ್ದರೆ ಅದು 22 ಕ್ಯಾರೆಟ್ ಚಿನ್ನ. ಅಂದರೆ 1000 ಪಾಲಿನಲ್ಲಿ 916 ಪಾಲು ಚಿನ್ನ. ಒಡವೆ ಕೊಳ್ಳುವಾಗ, ಗಿರವಿ ಇಡುವಾಗ ಆ ಅಂಕಿಯನ್ನು ನಾವೇ ಓದಿ ನೋಡೋಣ.

ಮನೆಯಲ್ಲಿ ಕತ್ತಿ ಮಸೆಯುವುದು ಹೇಗೆ?

ಮೊಂಡು ಕತ್ತಿಯಿಂದ ಅಪಾಯ ಕಡಿಮೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಮೊಂಡು ಕತ್ತಿಯನ್ನು ಬಲವಾಗಿ ಒತ್ತಬೇಕಾಗುತ್ತೆ. ಒತ್ತಿದಾಗ ಜಾರುತ್ತೆ. ಜಾರಿದರೆ ಬೆರಳು ಕುಯ್ಯುತ್ತೆ. ರೇಷ್ಮೆ ಸಾಕುವ ಅಕ್ಕಂದಿರಿಗೆ ಇನ್ನೊಂದು ತೊಂದರೆ. ಮರಿ ಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಕೊಚ್ಚಬೇಕು. ಕತ್ತಿ ಮೊಂಡಾದರೆ ಸೊಪ್ಪು ನಜ್ಜಾಗಿ ಬೇಗ ಬಾಡುತ್ತೆ.

ಹರಿತ ಕತ್ತಿ ಹೇಗೆ ಸುಲಭವಾಗಿ ಕತ್ತರಿಸುತ್ತೆ? ಅದರ ಅಂಚು ತೆಳ್ಳಗಿರುತ್ತೆ. ಕೈಯ ಬಲವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತೆ. ಅಷ್ಟೇ ಅದರ ಗುಟ್ಟು.

ಹೀಗೆ ಮಾಡಿ:

1. ಕಲ್ಲನ್ನು ನೀರಿನಲ್ಲಿ ನೆನೆಸಿ. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಇಡಿ. ಆಗ ಕಲ್ಲು ಜಾರುವುದಿಲ್ಲ.

2. ಕತ್ತಿಯನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ಮೊದಲಿನಿಂದ ಕೊನೆವರೆಗೂ ಅದೇ ಓರೆ ಇರಲಿ.

3. ಎರಡು ಕಡೆಯೂ ಒಂದೇ ಸಮ ಮಸೆಯಿರಿ. ಅವಸರ ಬೇಡ.

4. ಹರಿತವನ್ನು ಬೆರಳಿನಿಂದ ನೋಡಬೇಡಿ. ಒಂದು ಕಾಗದ ಕತ್ತರಿಸಿ ನೋಡಿ.

5. ಮಸೆದ ಮೇಲೆ ತೊಳೆದು, ಒರೆಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸಾಣೆಯ ಚಕ್ರ ತಿರುಗುವಾಗ ಕಿಡಿ ಹಾರುತ್ತೆ. ಅದು ಬಿಸಿಯಾದ ಉಕ್ಕಿನ ಚೂರು. ಕಣ್ಣಿಗೆ ಬಿದ್ದರೆ ಕಷ್ಟ. ಮಕ್ಕಳನ್ನು ದೂರ ನಿಲ್ಲಿಸಿ. ಚಕ್ರದ ಮೇಲೆ ಕತ್ತಿ ಬಲು ಬಿಸಿಯಾದರೆ ಹದ ಕೆಡುತ್ತೆ. ಆಗಾಗ ನೀರಿಗೆ ಅದ್ದಿಸಿ.

ಹರಿತ ಬೇರೆ, ಶುಚಿ ಬೇರೆ

ಇದನ್ನು ಮರೆಯಬೇಡಿ. ಕುಡುಗೋಲು ಎಷ್ಟೇ ಹರಿತ ಇರಲಿ, ಅದಕ್ಕೆ ಮಣ್ಣು, ಸಗಣಿ ಅಂಟಿರುತ್ತೆ. ಮಣ್ಣಿನಲ್ಲಿ ಧನುರ್ವಾಯು ರೋಗದ ಬೀಜ ಇರಬಹುದು. ಹಿಂದೆ ಮನೆಯಲ್ಲಿ ಹೆರಿಗೆಯಾದಾಗ ಕೈಗೆ ಸಿಕ್ಕ ಕತ್ತಿಯಿಂದ ಹೊಕ್ಕುಳ ಬಳ್ಳಿ ಕತ್ತರಿಸುತ್ತಿದ್ದರು. ಎಷ್ಟೋ ಹಸುಗೂಸುಗಳು ಧನುರ್ವಾಯುವಿನಿಂದ ಸತ್ತವು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಶುಚಿಯಾದ ಬ್ಲೇಡು. ಇವುಗಳಿಂದ ಆ ಸಾವು ತಗ್ಗಿತು. ಭಾರತದಲ್ಲಿ ತಾಯಿ ಮಗುವಿನ ಧನುರ್ವಾಯು ಹತೋಟಿಗೆ ಬಂದಿದೆ ಅಂತ 2015ರಲ್ಲಿ ಘೋಷಣೆ ಆಯಿತು. ರೋಗದ ಬೀಜ ಮಾತ್ರ ಮಣ್ಣಿನಲ್ಲಿ ಇದ್ದೇ ಇದೆ. ಕುಡುಗೋಲು ತಾಗಿ ಗಾಯವಾದರೆ ಸೋಪು ನೀರಿನಿಂದ ತೊಳೆಯಿರಿ. ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಬೇಕೇ ಅಂತ ಕೇಳಿ.

ಅಕ್ಷರಕ್ಕೂ ತುಕ್ಕು ಹಿಡಿಯುತ್ತೆ

ಅವತ್ತು ಸಾಣೆಯ ಅಣ್ಣ ಹೋದ ಮೇಲೆ ನಮ್ಮ ಗುಂಪಿನ ಹಿರಿಯಕ್ಕ ತನ್ನ ಕಥೆ ಹೇಳಿದಳು.

"ಬಹಳ ವರ್ಷದ ಹಿಂದೆ ರಾತ್ರಿ ತರಗತಿಗೆ ಹೋಗಿ ನಾನು ಅಕ್ಷರ ಕಲಿತಿದ್ದೆ. ಹೆಸರು ಬರೀತಿದ್ದೆ. ಬಸ್ಸಿನ ಬೋರ್ಡು ಓದ್ತಿದ್ದೆ. ಆಮೇಲೆ ಪುಸ್ತಕ ಮುಟ್ಟಲಿಲ್ಲ. ಗಣಿ ಮುಚ್ಚಿದ ಮೇಲೆ ಸಂಸಾರ ನಡೆಸೋದೇ ದೊಡ್ಡದಾಯ್ತು. ಒಂದು ದಿನ ಸಾಲದ ಕಾಗದ ಬಂತು. ಓದೋಕೆ ಹೋದೆ. ಅಕ್ಷರ ಎಲ್ಲ ಕಲಸಿಹೋದವು. ನಾಚಿಕೆಯಾಯ್ತು. ಸುಮ್ಮನೆ ಹೆಬ್ಬೆಟ್ಟು ಒತ್ತಿದೆ. ವಾರಕ್ಕೆ ಎಷ್ಟು, ಎಷ್ಟು ವಾರ ಅಂತ ಅದರಲ್ಲೇ ಬರೆದಿತ್ತಂತೆ. ನಾನು ತಿಳಿದದ್ದು ಒಂದು, ಕಟ್ಟಿದ್ದು ಇನ್ನೊಂದು. ಎರಡು ಮೇಕೆ ಮಾರಿ ತೀರಿಸಿದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ನಕ್ಕಳು. "ಕುಡುಗೋಲು ಮೂಲೆಯಲ್ಲಿ ಬಿದ್ದಿದ್ದರೆ ತುಕ್ಕು ಹಿಡಿಯುತ್ತೆ. ಅದನ್ನ ಬಿಸಾಕ್ತೀವಾ? ಮಸೀತೀವಿ. ಅದಕ್ಕೇ ಮತ್ತೆ ಬಂದಿದ್ದೀನಿ."

ಈ ಮಾತು ನಮಗೆಲ್ಲ ನಾಟಿತು. ಅಕ್ಷರ ಕಲಿತರೆ ಸಾಲದು. ದಿನವೂ ಮಸೆಯಬೇಕು. ಅದಕ್ಕೆ ಬೇರೆ ಹೊತ್ತು ಬೇಕಿಲ್ಲ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಅಕ್ಕಂದಿರು ಇದ್ದಾರೆ. ನಿಲ್ದಾಣದ ಬೋರ್ಡೇ ಅವರ ಪಾಠ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ, ಬಂಗಾರಪೇಟೆ. ಹೆಸರು ಮೂರು ಲಿಪಿಯಲ್ಲಿ ಇರುತ್ತೆ. ಕನ್ನಡ ಓದಿ, ಆಮೇಲೆ ಇಂಗ್ಲಿಷಿನ ಒಂದೊಂದು ಅಕ್ಷರ ನೋಡಿ. ಮನೆಯಲ್ಲಿ ಇರುವವರಿಗೆ ರೇಷನ್ ಕಾರ್ಡ್ ಇದೆ, ಕರೆಂಟ್ ಬಿಲ್ ಇದೆ, ಮಾತ್ರೆಯ ಮೇಲಿನ ತಾರೀಖು ಇದೆ. ಎಲ್ಲವೂ ಸಾಣೆಕಲ್ಲೇ.

ಮತ್ತೆ ಒಂದು ಮಾತು. ಯಾವ ಕಾಗದವೇ ಆಗಲಿ, ಓದದೆ ಸಹಿ ಹಾಕಬೇಡಿ. ಅರ್ಥ ಆಗದಿದ್ದರೆ "ನಾಳೆ ಕೊಡ್ತೀನಿ" ಅನ್ನಿ. ಗುಂಪಿಗೆ ತನ್ನಿ. ಎಲ್ಲರೂ ಕೂಡಿ ಓದೋಣ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಆ ಮಗು ಏನು ಮಾಡಿತು?

ಆ ಅಕ್ಕ ರಾತ್ರಿ ಮಗಳ ಪಕ್ಕ ಕುಳಿತಳು. "ಶಾರ್ಪನ್ ಅಂದರೆ ಹರಿತ ಮಾಡು. ಗ್ರೈಂಡ್, ವೆಟ್, ಹೋನ್ ಅಂತ ಬರಿ" ಅಂದಳು. ಮಗಳು ಕಣ್ಣರಳಿಸಿ ನೋಡಿದಳು. ಆಮೇಲೆ ತಾಯಿ ಪೆನ್ಸಿಲ್ ತಗೊಂಡಳು. ಅದರ ಮೊನೆ ಮುರಿದಿತ್ತು. ಮೆಂಡರಿನಲ್ಲಿ ಚೂಪು ಮಾಡಿದಳು. ಮಗಳ ಪುಸ್ತಕದ ಅಂಚಿನಲ್ಲಿ ತನ್ನ ಕೈಯಾರೆ ಬರೆದಳು: ಮಸೆ, ಸಾಣೆ ಹಿಡಿ, ಚೂಪು ಮಾಡು.

ಮಾರನೆಯ ದಿನ ಮಗಳೇ ಕೇಳಿದಳಂತೆ. "ಅಮ್ಮ, ಕಕ್ಕು ಹಾಕು ಅಂದರೆ ಏನು? ಅಜ್ಜಿ ಅಂತಾಳಲ್ಲ, ಅದನ್ನೂ ಬರೆದುಕೊಡು."

ಅಭ್ಯಾಸ

ಅ) ಗಟ್ಟಿಯಾಗಿ ಓದಿ:
ಮಸೆ, ಮೊನೆ, ಅಲಗು, ಹರಿತ, ಚೂಪು, ಮೊಂಡು, ಕುಲುಮೆ, ಸಾಣೆಕಲ್ಲು, ಒರೆಗಲ್ಲು, ಬೆಣಚುಕಲ್ಲು.

ಆ) ಸರಿಯಾದ ಮಾತು ತುಂಬಿ:
1. ಸೂಜಿಯ ತುದಿ ______ ಇರುತ್ತದೆ. (ಚೂಪಾಗಿ, ಮೊಂಡಾಗಿ)
2. ಚಿನ್ನವನ್ನು ______ ಮೇಲೆ ಉಜ್ಜಿ ನೋಡುತ್ತಾರೆ. (ಒರೆಗಲ್ಲಿನ, ಬೀಸುವ ಕಲ್ಲಿನ)
3. ಕುಲುಮೆಯಲ್ಲಿ ಗುದ್ದಲಿಗೆ ______ ಕೊಡುತ್ತಾರೆ. (ಹದ, ಗಂಧ)

ಇ) ಉತ್ತರ ಬರೆಯಿರಿ:
1. ಮೊಂಡು ಕತ್ತಿಯಿಂದ ಏಕೆ ಅಪಾಯ?
2. ಕತ್ತಿ ಮಸೆಯುವಾಗ ಕಲ್ಲನ್ನು ಏಕೆ ನೆನೆಸಬೇಕು?
3. ಹಿರಿಯಕ್ಕ ಮತ್ತೆ ಓದಲು ಏಕೆ ಬಂದಳು?

ಈ) ನೀವೇ ಮಾಡಿ:
ನಿಮ್ಮ ಮನೆಯಲ್ಲಿ ಹರಿತ ಮಾಡುವುದಕ್ಕೆ ಯಾವ ಮಾತು ಬಳಸುತ್ತಾರೆ? ಅಜ್ಜಿಯನ್ನು, ಅತ್ತೆಯನ್ನು, ಪಕ್ಕದ ಮನೆಯವರನ್ನು ಕೇಳಿ. ಯಾವ ಭಾಷೆಯ ಮಾತಾದರೂ ಸರಿ. ಕನ್ನಡ ಅಕ್ಷರದಲ್ಲಿ ಬರೆದು ತನ್ನಿ. ಮುಂದಿನ ವಾರ ಎಲ್ಲರೂ ಕೂಡಿ ಓದೋಣ.